ಬಳೆ ಹೆಚ್ಚಿದೆ

ಪತ್ರಿಕೆಯಲ್ಲಿ ನಮ್ಮ ಅಂಗಡಿಯದೇ ಜಾಹೀರಾತು ಓದಿ ಮೈಯೆಲ್ಲ ಉರಿದುಹೋಯಿತು. ‘ವಿಜಯನಗರದ ಹೊಸ ಶಾಖೆಗೆ ಮ್ಯಾನೇಜರ್ ಬೇಕಾಗಿದ್ದಾರೆ. ಎಂ.ಬಿ.ಎ. ಆದವರಿಗೆ ಆದ್ಯತೆ.’ ಹದಿನೇಳು ವರ್ಷದಿಂದ ಚಾಮರಾಜಪುರಂನ ಈ ಬಳೆ ಅಂಗಡಿಯಲ್ಲಿ ನಿಂತು ಅರ್ಧ ಮೈಸೂರಿನ ಹೆಂಗಸರಿಗೆ ಬಳೆ ತೊಡಿಸಿದವಳು ನಾನು. ನನ್ನನ್ನೊಂದು ಮಾತು ಕೇಳಬಾರದೆ? ಸೀದಾ ಯಜಮಾನರಾದ ಸಿದ್ದಲಿಂಗಸ್ವಾಮಿಯವರ ಮೇಜಿನ ಮುಂದೆ ಹೋಗಿ ನಿಂತೆ.

“ಆ ಕೆಲಸಕ್ಕೆ ನಾನೂ ಅರ್ಜಿ ಹಾಕ್ತೀನಿ, ಸ್ವಾಮ್ಯೋರೇ.”

“ಪ್ರೇಮಲೀಲಾ, ನೀನು ಎಸ್ಸೆಸ್ಸೆಲ್ಸಿ ಫೇಲು ಕಣಮ್ಮ.”

“ಗಣಿತದಲ್ಲಿ ಮಾತ್ರ!”

ಯಜಮಾನರು ನಕ್ಕರು. “ಆಯ್ತು. ಆಗ್ಲೇ ಒಬ್ಬ ಎಂ.ಬಿ.ಎ. ಹುಡುಗ ಅರ್ಜಿ ಹಾಕಿದಾನೆ. ಗೌರಿ ಹಬ್ಬದ ಹಿಂದಿನ ದಿನ ನೀನೂ ಅವನೂ ಸೇರಿ ಅಂಗಡಿ ನಡೆಸಿ. ಸಂಜೆ ತೀರ್ಮಾನ ಮಾಡ್ತೀನಿ.”

ಅದು ೧೯೯೯ನೇ ಇಸವಿ. ಹಬ್ಬದ ಹಿಂದಿನ ದಿನ ಬೆಳಗ್ಗೆ ಆ ಎಂ.ಬಿ.ಎ. ಹುಡುಗ ಬಿಂದುಮಾಧವ ಟೈ ಕಟ್ಟಿಕೊಂಡು ಬಂದ. ಬಳೆ ಅಂಗಡಿಗೆ ಟೈ! ಒಂಬತ್ತಕ್ಕೆಲ್ಲ ನೂಕುನುಗ್ಗಲು ಶುರುವಾಯಿತು. ನನಗೆ ಆ ಗದ್ದಲವೆಂದರೆ ಹಬ್ಬಕ್ಕಿಂತ ಹೆಚ್ಚು. ಅಂಗೈ ಒಮ್ಮೆ ಒತ್ತಿ ನೋಡಿದರೆ ಸಾಕು, ಯಾವ ಅಳತೆ ಎಂದು ಹೇಳಿಬಿಡುತ್ತೇನೆ. ಈ ಕೆಲಸ ನನಗೇ ಬೇಕಿತ್ತು, ಸುಳ್ಳೇಕೆ ಹೇಳಲಿ.

ಹನ್ನೊಂದಕ್ಕೆ ಹಮಾಲಿ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯೊಂದನ್ನು ಬೀಳಿಸಿದ. ನಾನು ಒಳಗೆ ಹೋಗಿ ನೋಡಿ ಅಲ್ಲಿಂದಲೇ ಕೂಗಿದೆ: “ಬಿಂದು ಸಾರ್, ಹಸಿರು ಬಳೆ ಒಂದು ಪೆಟ್ಟಿಗೆ ಹೆಚ್ಚಿದೆ, ಬರ್ಕೊಳ್ಳಿ!”

ಬರೆದುಕೊಂಡ. ಎರಡು ಗಂಟೆಗೆ ಮುಖವರಳಿಸಿಕೊಂಡು ಬಂದ.

“ಮೇಡಂ, ಆ ಹೆಚ್ಚಿದ್ದ ಪೆಟ್ಟಿಗೆ ಮಾರಿಬಿಟ್ಟೆ! ವಿಜಯನಗರದ ಮಹಿಳಾ ಸಂಘದವರು ಫೋನ್ ಮಾಡಿದ್ರು. ನಲವತ್ತು ಜನಕ್ಕೆ ನಲವತ್ತು ಡಜನ್, ಸಂಜೆ ಐದಕ್ಕೆ.”

ನಾನು ಮೂಲೆಯಲ್ಲಿ ಗುಡಿಸಿಟ್ಟ ಹಸಿರು ಚೂರುಗಳ ರಾಶಿ ತೋರಿಸಿದೆ.

“ಒಡೆದಿದ್ದಕ್ಕೆ ಹೆಚ್ಚಿದೆ ಅಂದ್ರಾ?”

“ಮತ್ತೆ? ಹಬ್ಬದ ಹೊತ್ತಲ್ಲಿ ಬಳೆ ಒಡೀತು ಅಂತ ಯಾರಾದ್ರೂ ಬಾಯಿಬಿಟ್ಟು ಅಂತಾರೇನ್ರೀ? ನಿಮ್ಮಮ್ಮ ಹೇಳಿಕೊಟ್ಟಿಲ್ವ?”

“ಅಮ್ಮ ಇಲ್ಲ ಮೇಡಂ. ಹಾಸ್ಟೆಲಲ್ಲೇ ಬೆಳೆದಿದ್ದು.”

ನಾಲಿಗೆ ಕಚ್ಚಿಕೊಂಡೆ. ಅಂಗಡಿಯ ಉಳಿದ ಹಸಿರು ಬಳೆಯೆಲ್ಲ ಬೆಳಗಿನ ನೂಕುನುಗ್ಗಲಲ್ಲೇ ಖಾಲಿಯಾಗಿತ್ತು. ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಮ್ಯಾನೇಜರ್ ಕೆಲಸ ನನ್ನದೇ. ಒಂದು ನಿಮಿಷ ನಿಂತೆ ಕೂಡ. ಆದರೆ ನಮ್ಮ ಅಂಗಡಿ ನಂಬಿಕೊಂಡು ನಲವತ್ತು ಹೆಂಗಸರು ಗೌರಿ ಹಬ್ಬಕ್ಕೆ ಹಸಿರು ಬಳೆಯಿಲ್ಲದೆ ಕೂರುವುದೆ?

“ನಡೀರಿ, ಆಟೋ ಹಿಡೀರಿ!”

ಬನ್ನಿಮಂಟಪದ ಮಂಟಯ್ಯ ಮನೆಮನೆಗೆ ಹೊತ್ತು ಮಾರುವ ಬಳೆಗಾರ. ನನಗೆ ಹಳೇ ಪರಿಚಯ. ಪುಣ್ಯಕ್ಕೆ ಅವನ ಮನೆಯಲ್ಲಿ ಹಸಿರು ಬಳೆ ಗೋಡೆಯುದ್ದಕ್ಕೂ ಜೋಡಿಸಿತ್ತು.

“ಎಷ್ಟ್ ಬೇಕಾದ್ರೂ ತಕ್ಕೋ ಕಣವ್ವ. ಯಾವ ಯಾವ ಅಳ್ತೆ?”

ನಾನು ಬೆಪ್ಪಾದೆ. ಕೈ ಒತ್ತಿ ನೋಡದೆ ಅಳತೆ ಹೇಗೆ ಹೇಳಲಿ? ಆ ನಲವತ್ತು ಕೈಗಳು ಇದ್ದದ್ದು ವಿಜಯನಗರದಲ್ಲಿ. ಆಗ ಬಿಂದುಮಾಧವ ಜೇಬಿನಿಂದ ಚೀಟಿ ತೆಗೆದ. ಫೋನಿನಲ್ಲೇ ನಲವತ್ತು ಹೆಸರು, ಒಬ್ಬೊಬ್ಬರ ಅಳತೆ, ಎಲ್ಲ ಕೇಳಿ ಬರೆದುಕೊಂಡಿದ್ದ! ನನಗೆ ಅವನ ಬೆನ್ನು ತಟ್ಟುವಷ್ಟು ಖುಷಿಯಾಯಿತು, ತಟ್ಟಿಯೂ ಬಿಟ್ಟೆ.

ಅವನು ಓದಿದ, ಮಂಟಯ್ಯ ತೆಗೆದುಕೊಟ್ಟ, ನಾನು ದಾರದಲ್ಲಿ ಕಟ್ಟಿದೆ. ಐದಕ್ಕೆ ಐದು ನಿಮಿಷವಿರುವಾಗ ಸಂಘದ ಬಾಗಿಲಲ್ಲಿ ಇಳಿದೆವು. ಒಂದು ಬಳೆಯೂ ಹೆಚ್ಚಿರಲಿಲ್ಲ.

ಅಂಗಡಿಗೆ ಮರಳಿದಾಗ ಯಜಮಾನರು ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬಿಂದುಮಾಧವ ನಡೆದದ್ದನ್ನೆಲ್ಲ ಹೇಳಿದ. “ತಪ್ಪು ನಂದು ಸಾರ್. ಶಾಖೆ ಇವರಿಗೇ ಕೊಡಿ.”

“ಕೊಟ್ರೆ ಈ ಚೀಟಿ ಬರೆಯೋ ಸಾರ್ ನನ್ನ ಜೊತೆಗಿರ್ಬೇಕು,” ಎಂದೆ.

ಯಜಮಾನರು ಇಬ್ಬರನ್ನೂ ನೋಡಿದರು. “ಹಂಗಾದ್ರೆ ಪ್ರೇಮಲೀಲಾ ಮ್ಯಾನೇಜರು. ನೀನು ಅಸಿಸ್ಟೆಂಟು ಆಗ್ತೀಯೇನಪ್ಪ?”

“ಕಲಿಯೋದು ಬಹಳ ಇದೆ ಸಾರ್. ಆಗ್ತೀನಿ.”

ನನಗೆ ಕಣ್ಣು ತುಂಬಿತು, ನಗುವೂ ಬಂತು. ಬಿಂದುಮಾಧವ ಪೆನ್ನು ತೆಗೆದು ನನ್ನ ನೇಮಕಾತಿ ಅರ್ಜಿ ತುಂಬಲು ಕುಳಿತ. ಹೆಸರು, ವಿಳಾಸ, ಅನುಭವ.

“ವಿದ್ಯಾರ್ಹತೆ, ಮೇಡಂ?”

“ಇಲ್ಲ ಅಂತ ಬರೀರಿ.”

“ಹಬ್ಬದ ಹೊತ್ತಲ್ಲಿ ಹಂಗೆಲ್ಲ ಅನ್ನಬಾರದು,” ಎಂದು ದುಂಡಗೆ ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದ.

ವಿದ್ಯಾರ್ಹತೆ: ಹೆಚ್ಚಿದೆ.