ಮರದ ಮೇಲೆ ಉಳಿದ ಕರಡಿ

ರಾಕೆಲೆ ಟೀಚರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಲಾಮಾರಾ ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡುತ್ತಿದ್ದಳು. ಜಾರ್ಜಿಯಾದಿಂದ ಇಟಲಿಯ ಬಾರಿ ಪಟ್ಟಣಕ್ಕೆ ಬಂದು ಮಗಳು ತೆಕ್ಲೆಯನ್ನು ಶಾಲೆಗೆ ಸೇರಿಸಿದ ದಿನ, ಟೀಚರ್ ತಾವೇ ಎದ್ದು ಬಂದು ಕುರ್ಚಿ ಎಳೆದು ಲಾಮಾರಾಳನ್ನು ಕೂರಿಸಿದ್ದರು. ಈ ದೇಶದಲ್ಲಿ ಅವಳಿಗೆ ಕೂತುಕೊಳ್ಳಿ ಎಂದವರು ಅವರೇ ಮೊದಲು.

"ಒಂದೇ ಒಂದು ಮಾತು ಅಮ್ಮ," ಎಂದರು. "ಮನೇಲಿ ನಿಮ್ಮ ಭಾಷೆ ಬೇಡ. ಬರೀ ಇಟಾಲಿಯನ್ನೇ ಆಡಿ. ಮಗು ಬೇಗ ನಮ್ಮವಳಾಗ್ತಾಳೆ."

"ಆಗ್ಲಿ ಟೀಚರ್."

ಮುಗಿಯಿತು. ಲಾಮಾರಾಳ ಊರಿನಲ್ಲಿ ಟೀಚರ್ ಮಾತಿಗೆ ಎದುರು ಮಾತಿರಲಿಲ್ಲ.

ಅಂದು ಮಲಗುವ ಹೊತ್ತಿಗೆ ತೆಕ್ಲೆ ಕಂಬಳಿಯೊಳಗಿಂದ ಕೇಳಿದಳು: "ಕರಡಿ ಏನಾಯ್ತಮ್ಮ?" ತಾತನ ದ್ರಾಕ್ಷಿತೋಟಕ್ಕೆ ನುಗ್ಗುವ ಕಳ್ಳ ಕರಡಿಯ ಕತೆ ದಿನವೂ ಒಂದಿಷ್ಟು ಬೆಳೆಯುತ್ತಿತ್ತು. ಹಿಂದಿನ ದಿನ ನಾಯಿಗೆ ಹೆದರಿ ಅದು ಅಕ್ರೋಟು ಮರ ಹತ್ತಿ ಕೂತಿತ್ತು. ಲಾಮಾರಾ ಮಗಳ ತುಟಿಯ ಮೇಲೆ ಬೆರಳಿಟ್ಟಳು.

"ಶ್. ನಮ್ಮ ಮಾತು ಬೇಡ. ಟೀಚರ್ ಬೈತಾರೆ."

ಕತೆ ಹೇಳುವಷ್ಟು ಇಟಾಲಿಯನ್ ಅವಳಿಗೆ ಎಲ್ಲಿಂದ ಬರಬೇಕು? ಬಂದದ್ದೆಲ್ಲ ಹಾಸಿಗೆ ಹಿಡಿದ ಮುದುಕಿಯೊಬ್ಬಳ ಚಾಕರಿಯಿಂದ. ಮುದುಕಿಗೆ ಇವಳು ಹೇಳುವುದು: ಬಾಯಿ ತೆರೆ, ನುಂಗು, ಮಗ್ಗುಲಾಗು. ಮುದುಕಿಯ ಸೊಸೆ ಇವಳಿಗೆ ಹೇಳುವುದು: ಬೇಗ, ಒರೆಸು, ಮುಟ್ಟಬೇಡ. ಅದನ್ನೇ ತಂದು ಮಗಳಿಗೂ ಬಡಿಸಿದಳು. ಜಾರ್ಜಿಯಾದ ಕಡೆ ತಾಯಿಯೇ ಮಗುವನ್ನು ಅಮ್ಮಾ ಎಂದು ಮುದ್ದು ಮಾಡುತ್ತಾಳೆ, "ದೆದಿಕೊ" ಎನ್ನುತ್ತಾಳೆ. ಅದೂ ನಿಂತಿತು. ತೆಕ್ಲೆ ಮಾತ್ರ ಇಟಾಲಿಯನ್‌ನಲ್ಲಿ ಅರಳು ಹುರಿದಂತೆ ಮಾತಾಡತೊಡಗಿದಳು. ಲಾಮಾರಾಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಸುಮ್ಮನೆ ನಕ್ಕು "ನುಂಗು" ಎನ್ನುವಳು.

ಚಳಿಗಾಲ ಕಳೆಯಿತು. ಅಮ್ಮಂದಿರ ಹಬ್ಬ ಹತ್ತಿರವಾದಾಗ ಟೀಚರ್ ಹೇಳಿಕಳಿಸಿದರು. ಈ ಸಲ ಕೂತುಕೊಳ್ಳಿ ಎನ್ನಲಿಲ್ಲ.

"ಮಲಗೋವಾಗ ನಿಮ್ಮಮ್ಮ ಏನು ಹೇಳ್ತಾರೆ ಅಂತ ಮಕ್ಕಳನ್ನ ಕೇಳ್ದೆ. ನಿಮ್ಮ ಮಗಳು ಏನಂದ್ಲು ಗೊತ್ತಾ? 'ಬೇಗ. ಮಗ್ಗುಲಾಗು. ಮುಟ್ಟಬೇಡ.' ಇಷ್ಟು ಚಿಕ್ಕ ಮಗೂನ ಹೀಗಾ ಗದರ್ಸೋದು?"

ಲಾಮಾರಾ ಪದಗಳಿಗಾಗಿ ತಡಕಾಡಿದಳು.

"ಗದರಲ್ಲ ಟೀಚರ್. ನಂಗೆ ಇಟಾಲಿಯನ್... ಇಷ್ಟೇ. ಕೆಲಸದ ಮನೇದು. ನೀವು ಹೇಳಿದ್ರಿ, ನಮ್ಮ ಮಾತು ಬೇಡ. ನಾನು ಆಡ್ಲಿಲ್ಲ. ಒಂದು ದಿನಾನೂ ಆಡ್ಲಿಲ್ಲ."

ಅಷ್ಟು ಹೇಳುವಾಗ ಅವಳ ದನಿಯಲ್ಲಿ ಚೂರು ಹೆಮ್ಮೆಯೂ ಇತ್ತು. ಅದನ್ನು ಕೇಳಲಾರದೆ ರಾಕೆಲೆ ಟೀಚರ್ ಕುರ್ಚಿಯಲ್ಲಿ ಕುಸಿದು ಕೂತರು.

"ಅಯ್ಯೋ ದೇವರೇ, ಏನು ಮಾಡ್ಬಿಟ್ಟೆ ನಾನು! ತಪ್ಪು ನಂದಮ್ಮ. ನಿಮ್ಮ ಭಾಷೇಲೇ ಮಾತಾಡ್ಸಿ ಅವಳನ್ನ. ಈಗಲೇ, ಇಲ್ಲೇ ಮಾತಾಡ್ಸಿ."

ತೆಕ್ಲೆ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಲಾಮಾರಾ ನೆಲಕ್ಕೆ ಮೊಣಕಾಲೂರಿದಳು. ಇಷ್ಟು ದಿನ ನುಂಗಿಕೊಂಡ ತನ್ನ ಭಾಷೆಯೆಲ್ಲ ಒಟ್ಟಿಗೇ ನಾಲಿಗೆಗೆ ಬಂತು.

"ದೆದಿಕೊ, ನನ್ನ ಬಂಗಾರ, ಆ ಕರಡಿ ಇನ್ನೂ ಮರದ ಮೇಲೇ ಇದೆ ಕಣೇ. ನಿನ್ನನ್ನೇ ಕಾಯ್ತಾ ಕೂತಿದೆ. ಇಳಿಸೋಣ ಬಾರೇ..."

ತೆಕ್ಲೆ ಗಾಬರಿಯಿಂದ ಟೀಚರ್ ಕಡೆ ನೋಡಿದಳು. ಓಡಿಬಂದು ಅಮ್ಮನ ತುಟಿಯ ಮೇಲೆ ಬೆರಳಿಟ್ಟಳು.

"ಶ್," ಎಂದಳು, ಇಟಾಲಿಯನ್‌ನಲ್ಲಿ. "ಟೀಚರ್ ಇದಾರೆ."