ಬೂದಿಯ ಗುಳಿಗೆ

"ಇನ್ನೊಂದು ಚಿಟಿಕಿ ಕೊಡ್ರಿ ಯಪ್ಪಾ, ಆವತ್ತು ಕೊಟ್ಟಿದ್ದು ತೀರ್ಯಾದ," ಎಂದು ತಿಮ್ಮವ್ವ ಅಂಗೈ ಚಾಚಿದಳು. ಬಾಗಲವಾಡದ ಶಾಲೆಯಲ್ಲಿ ಆಗಷ್ಟೇ ಆಟ ಮುಗಿದಿತ್ತು. ಜಾದೂಗಾರ ಸುಶಮೀಂದ್ರ ಇನ್ನೂ ಕೋಟು ಬಿಚ್ಚಿರಲಿಲ್ಲ.

"ನಾ ಏನು ಕೊಟ್ಟಿದ್ದೆ ಯವ್ವಾ?"

"ವಿಭೂತಿ. ಕವಿತಾಳದ ಆಟದಾಗ ಬರಿಗೈಯಾಗ ಹುಟ್ಟಿಸಿ ಕೊಟ್ರಲ್ರೀ! ದಿನಾ ಇಷ್ಟಿಷ್ಟು ಬಾಯಾಗ ಹಾಕ್ಕೊಂತೀನಿ."

ಪಕ್ಕದಲ್ಲಿದ್ದ ಮೊಮ್ಮಗಳು ಭಾಗ್ಯಜ್ಯೋತಿ ಹಣೆ ಚಚ್ಚಿಕೊಂಡಳು. "ಮೂರು ವಾರ ಆತ್ರಿ ಸರ್, ಶುಗರ್ ಗುಳಿಗಿ ಮುಟ್ಟಿಲ್ಲ. ವಿಭೂತಿ ಸಿಕ್ಕಾದ, ಗುಳಿಗಿ ಯಾಕ ಅಂತಾಳ. ನಿನ್ನಿ ಬಚ್ಚಲದಾಗ ಕಣ್ಣಿಗೆ ಕತ್ತಲಿ ಬಂದು ಬಿದ್ಲು. ನೀವಾ ಹೇಳ್ರಿ."

ಸುಶಮೀಂದ್ರನಿಗೆ ತಾನು ಮಾಡಿದ್ದು ಏನೆಂದು ಈಗ ತಿಳಿಯಿತು. ಇಪ್ಪತ್ತು ವರ್ಷದಿಂದ ರಾಯಚೂರು, ಮಾನ್ವಿ, ದೇವದುರ್ಗದ ಶಾಲೆಗಳನ್ನು ಸುತ್ತಿದವನು ಅವನು. ಅವನ ಆಟದ ವರಸೆಯೇ ಬೇರೆ ಇತ್ತು. ಕೈ ಬೀಸಿ ಬೂದಿ ಸುರಿಸುವುದು, ಜನ ಬಾಯಿಬಿಟ್ಟು ನೋಡುವಾಗ ತೋಳು ಮಡಚಿ ಗುಟ್ಟು ಹೇಳಿಬಿಡುವುದು: ಗಂಜಿಯಲ್ಲಿ ಕಲಸಿ ಒಣಗಿಸಿದ ಬೂದಿಯ ಗುಳಿಗೆ ಹೆಬ್ಬೆರಳ ಸಂದಿಯಲ್ಲಿತ್ತು, ಅಷ್ಟೇ. ಕಳೆದ ವರ್ಷ ದೇವದುರ್ಗದ ಕಡೆಯ ಹೆಡ್‌ಮಾಸ್ತರರೊಬ್ಬರು, "ಗುಟ್ಟು ಹೇಳಿದ್ರ ಮಜಾ ಎಲ್ಲಿ ಉಳೀತದರೀ?" ಎಂದರು. ಒಮ್ಮೆ ಹೇಳದೆ ಬಿಟ್ಟು ನೋಡಿದ. ಚಪ್ಪಾಳೆ ಎರಡು ಪಟ್ಟಾಯಿತು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ಗುಟ್ಟು ಯಾರಿಗೆ ಬೇಕು? ಅಂದಿನಿಂದ ಆ ಕೊನೆಯ ಭಾಗವನ್ನೇ ಕೈಬಿಟ್ಟಿದ್ದ.

ಜೇಬಿನಿಂದ ಒಂದು ಗುಳಿಗೆ ತೆಗೆದು ತೋರಿಸಿದ. "ನೋಡು ಯವ್ವಾ, ಇದು ಒಲಿ ಬೂದಿ. ಬೆರಳ ಸಂದ್ಯಾಗ ಮುಚ್ಚಿಟ್ಟಿದ್ದೆ. ನನ್ನ ಹತ್ರ ಯಾವ ಶಕ್ತಿನೂ ಇಲ್ಲ."

ತಿಮ್ಮವ್ವ ಕೈ ಮುಗಿದಳು. "ದೊಡ್ಡವರು ಹಿಂಗಾ ಅಂತಾರ. ನಾವೇನು ನಿಮ್ಮನ್ನ ಪರೀಕ್ಷಾ ಮಾಡಾಕ ಬಂದಿಲ್ರೀ."

ಹಿಂದೆ ನಿಂತಿದ್ದ ಅದೇ ಊರಿನ ಈರಯ್ಯ ಹೌದೌದೆಂದು ತಲೆಯಾಡಿಸಿ ತಾನೂ ಅಂಗೈ ಚಾಚಿದ. ಅವನ ಹಿಂದೆ ಇನ್ನೂ ಆರೇಳು ಜನ. ಅಲ್ಲವೆಂದಷ್ಟೂ ತಾನು ದೊಡ್ಡವನಾಗುತ್ತಿರುವುದನ್ನು ಕಂಡು ಸುಶಮೀಂದ್ರನಿಗೆ ಅಳುವೇ ಬಂತು. ಈ ಮುದುಕಿಗೆ ಏನಾದರೂ ಆದರೆ ಅದು ತನ್ನ ತಲೆಗೇ.

ಕೊನೆಗೆ ಆಕೆಯನ್ನು ಮೆಟ್ಟಿಲ ಮೇಲೆ ಕೂರಿಸಿ, ಗುಳಿಗೆಯನ್ನು ಆಕೆಯ ಬೆರಳ ಸಂದಿಯಲ್ಲೇ ಇಟ್ಟ. "ಹಿಂಗ ಹಿಡಿ. ಮೆತ್ತಗ ಒತ್ತು."

"ನನ್ನ ಕೈಯಾಗ ಏನದ ಯಪ್ಪಾ?"

"ಒತ್ತು, ನೋಡೋಣು."

ಮೂವತ್ತು ವರ್ಷ ಬಿತ್ತನೆಯಲ್ಲಿ ಕೂರಿಗೆಯ ಬಟ್ಟಲಿಗೆ ಜೋಳ ಬಿಟ್ಟ ಕೈ ಅದು. ಮುಷ್ಟಿಯಿಂದ ಎಷ್ಟೆಷ್ಟು ಜಾರಬೇಕೆಂದು ಬೆರಳಿಗೇ ಗೊತ್ತಿತ್ತು. ಬೂದಿ ನೂಲಿನಂತೆ ಇಳಿಯಿತು, ಇಳಿಯುತ್ತಲೇ ಇತ್ತು. ಸುಶಮೀಂದ್ರನ ಕೈಯಿಂದ ಒಂದು ದಿನವೂ ಅಷ್ಟು ಸಣ್ಣಗೆ ಸುರಿದಿರಲಿಲ್ಲ. ಅಂಥ ಹೊತ್ತಿನಲ್ಲೂ ಅವನಿಗೆ ಚೂರು ಹೊಟ್ಟೆಕಿಚ್ಚಾಯಿತು.

ತಿಮ್ಮವ್ವನ ಮುಖ ಸಣ್ಣದಾಯಿತು. "ಇಷ್ಟಾ?"

"ಇಷ್ಟಾ ಯವ್ವಾ. ಆವತ್ತಾ ಹೇಳಬೇಕಿತ್ತು. ತಪ್ಪು ನಂದು."

ಆಕೆ ಬೂದಿ ಮೆತ್ತಿದ ಬೆರಳುಗಳನ್ನು ಮೂಸಿ ನೋಡಿದಳು. ಆಮೇಲೆ ಉಳಿದ ಬೂದಿಯನ್ನು ಈರಯ್ಯನ ಅಂಗೈಗೆ ಕೊಡವಿ, "ತಗೋ ಈರಯ್ಯಾ, ಪ್ರಸಾದ! ನಮ್ಮ ಒಲ್ಯಾಗ ಇನ್ನೂ ಬೇಕಾದಷ್ಟದ, ಚೀಲಾ ತಗೊಂಡು ಬಾ," ಎಂದಳು. ಈರಯ್ಯ ಪೆಚ್ಚಾಗಿ ನಕ್ಕ. ಸಾಲಿನವರೆಲ್ಲ ಹೋ ಎಂದು ನಕ್ಕು ಚದುರಿದರು.

"ಮೂರು ವಾರ ನನಗ ಬೂದಿ ತಿನಿಸಿದಿಯಲ್ಲಲೇ, ಖೋಡಿ!" ತಿಮ್ಮವ್ವ ಸುಶಮೀಂದ್ರನ ಕಡೆ ತಿರುಗಿದಳು. 'ರೀ' ಹೋಗಿ 'ಲೇ' ಬಂದಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಆಕೆಯ ಪಕ್ಕದಲ್ಲೇ ಕೂತ.

"ನಾಳಿ ಮಾನ್ವಿ ದವಾಖಾನಿಗೆ ಹೋಗಿ ರಕ್ತ ತೋರಿಸು, ಯವ್ವಾ."

"ಹೋಗ್ತೀನಿ ಬಿಡು." ಮೊಮ್ಮಗಳನ್ನು ನೋಡಿ, "ಎಲ್ಲದಾವ ಬೇ ಗುಳಿಗಿ?" ಎಂದಳು.

ಭಾಗ್ಯಜ್ಯೋತಿ ಮೂರು ವಾರದಿಂದ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ಮಾತ್ರೆಯ ಹಾಳೆಯಿಂದ ಒಂದನ್ನು ಹರಿದು, ನೀರಿನ ಬಾಟ್ಲಿಯ ಜೊತೆ ಕೊಟ್ಟಳು. ತಿಮ್ಮವ್ವ ಮುಖ ಕಿವುಚಿ ನುಂಗಿ, ಗಟಗಟ ನೀರು ಕುಡಿದು ಬಾಟ್ಲಿಯನ್ನು ಮೆಟ್ಟಿಲ ಮೇಲಿಟ್ಟಳು. ಅದರ ಮೇಲೆ ಐದು ಬೆರಳಿನ ಗುರುತು ಬೂದಿಯಲ್ಲಿ ಬೆಳ್ಳಗೆ ಮೂಡಿತ್ತು.