ನಲವತ್ತೊಂದನೆಯ ಜಾಗದ ಬೆಟ್ಟ

ಮಧ್ಯಾಹ್ನ ಮೂರಕ್ಕೆ ನಕ್ಷೆ ಅಚ್ಚಿಗೆ ಹೋಗಬೇಕಿತ್ತು. ಕಡಲ ತಳದ ಆ ನಕ್ಷೆಗಾಗಿ ಭೂವಿಜ್ಞಾನಿ ಹನ್ನೊಂದು ವರ್ಷ ಸವೆಸಿದ್ದಳು. ಅದರ ನಡುವೆ ಒಂಟಿಯಾಗಿ ನಿಂತ ಬೆಟ್ಟವನ್ನು ಕಂಡುಹಿಡಿದವಳು ಅವಳೇ; ಅದಕ್ಕೆ ಅವಳ ಹೆಸರನ್ನೇ ಇಡಲು ಸಮಿತಿಯೂ ಒಪ್ಪಿತ್ತು.

ಹಡಗಿನಲ್ಲಿ ರಾಟೆ ತಿರುಗಿಸಿ ತಂತಿ ಇಳಿಸುತ್ತಿದ್ದವನು ಎಲ್ಲರಿಗೂ ರಾಟೆಯಣ್ಣ. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಒಮ್ಮೆ ನೋಡಲಿ ಎಂದು ಅವಳೇ ಕರೆಸಿದ್ದಳು. ಹಡಗು ನಿಂತ ಜಾಗಗಳ ಸಂಖ್ಯೆಗಳ ಮೇಲೆ ಬೆರಳಾಡಿಸುತ್ತ ಬಂದ ಅವನು ನಲವತ್ತೊಂದರಲ್ಲಿ ತಡೆದ. ಅದೇ ಸಂಖ್ಯೆಯ ಮೇಲೆ ಮತ್ತೆ ಬೆರಳೊತ್ತಿ ಅವಳತ್ತ ನೋಡಿದ.

“ಏನಣ್ಣ, ಉಗುಳು ನುಂಗ್ತಿದೀರ? ಹೇಳಿ.”

“ಅಲ್ಲಮ್ಮ, ಬೆಟ್ಟದ ಒಂದು ತುದಿ ನಾನೂರು ಮೀಟರ್ ಆಳ ಅಂತ ಬರ್ದಿದೀರ. ಮಣ್ಣು ತರೋಕೆ ಇಲ್ಲೇ ನಾನು ಮೂರು ಸಾವಿರ ಮೀಟರ್ ತಂತಿ ಬಿಟ್ಟಿದ್ದೆ. ರಾಟೆ ಬರಿದಾಯ್ತು, ತಳ ಮುಟ್ಲೇ ಇಲ್ಲ. ವಾಪಸ್ ಸುತ್ತೋದ್ರಲ್ಲಿ ಊಟಾನೂ ತಪ್ಪಿತ್ತು. ಹೊಟ್ಟೆ ಮರೆಯುತ್ತಾ?”

ದಾಖಲೆಯಲ್ಲಿ ಅಂದು ಬರೆದದ್ದು ‘ಮಣ್ಣು ಸಿಗಲಿಲ್ಲ’ ಎಂದಷ್ಟೇ. ಬರೀ ಬಂಡೆ ಇರಬೇಕೆಂದು ಅವಳು ಎಣಿಸಿದ್ದಳು.

ತಟ್ಟನೆ ಎದ್ದು, ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರ ಗೀಚಿದ ಕಾಗದದ ಸುರುಳಿಗಳನ್ನು ಬಿಚ್ಚಿದಳು. ಮಧ್ಯಾಹ್ನ ನಾನೂರು ಮೀಟರಿನಲ್ಲಿದ್ದ ತುದಿ, ಸಂಜೆ ಹಡಗು ಅಲ್ಲಿಗೇ ಮರಳಿದಾಗ ನೂರೈವತ್ತಕ್ಕೆ ಏರಿತ್ತು. ಹಡಗು ತುಸು ಸರಿದಿರಬೇಕು, ಎರಡು ಶಿಖರಗಳಿವೆ ಎಂದು ಬಗೆದಿದ್ದಳು. “ಇದು ಕಲ್ಲೇ ಅಲ್ಲಣ್ಣ, ಸಂಜೆ ಮೇಲೇಳುತ್ತೆ!” ಎಂದಳು. ಹಗಲು ಆಳದಲ್ಲಿದ್ದು ಬೆಳಕು ಕುಂದುತ್ತಲೇ ಮೇಲೇರುವ ಮೀನು, ಸೀಗಡಿಗಳ ದಟ್ಟ ಹಿಂಡು. ಯಂತ್ರದ ಸದ್ದು ಅದಕ್ಕೆ ಬಡಿದು ಹಿಂದಿರುಗಿತ್ತು.

“ಸಂಜೆ ವಾಕಿಂಗ್ ಹೋಗೋ ಬೆಟ್ಟ!” ಎಂದು ನಕ್ಕ ರಾಟೆಯಣ್ಣ, ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. “ಬಾಯಿ ಮುಚ್ಕೊಂಡಿರ್ಬೇಕಿತ್ತೇನೋ. ನಿಮ್ಮ ಹೆಸರು...”

ಅವಳು ಅಚ್ಚುಮನೆಗೆ ಫೋನ್ ಮಾಡಿ, “ಇವತ್ತು ಬೇಡ, ಒಂದು ಬೆಟ್ಟ ತೆಗೀಬೇಕು” ಎಂದಳು. ರಬ್ಬರ್ ಹಿಡಿದು ಉಜ್ಜತೊಡಗಿದಳು. ಗೆರೆಗಳು ಒಂದೊಂದಾಗಿ ಹೋದವು. ಕೈ ಬರಬರುತ್ತ ಹಗುರಾಯಿತು.

“ಬೇಜಾರಾಯ್ತೇನಮ್ಮ?”

“ಆಗ್ದೆ ಇರುತ್ತಾ? ಆದ್ರೆ ಅಣ್ಣ, ನೀವು ಸುಮ್ನಿದ್ದಿದ್ರೆ ನನ್ನ ಹೆಸರು ಸೀಗಡಿ ಪಾಲಾಗ್ತಿತ್ತು. ಮುಖ ನೋಡ್ಕೊಂಡು ಇದನ್ನ ಹೇಳೋರು ಎಷ್ಟು ಜನ ಸಿಗ್ತಾರೆ? ದೊಡ್ಡ ಉಪಕಾರ ಮಾಡಿದ್ರಿ.”

ಕುರ್ಚಿ ಎಳೆದು ಅವನನ್ನು ಕೂರಿಸಿ, ಮುಂದಿನ ಹಾಳೆ ಬಿಡಿಸಿದಳು.

“ಇನ್ನೆಷ್ಟು ಬೆಟ್ಟ ನುಂಗಿಸ್ತೀರಮ್ಮ ನನ್ನ ಕೈಲಿ!” ಎನ್ನುತ್ತಲೇ ಅವನು ಕನ್ನಡಕ ಒರೆಸಿಕೊಂಡ.